ಪ್ರಾರ್ಥನೆಯ ಒಕ್ಕಣೆ

ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವನನ್ನು ಪ್ರಾರ್ಥನೆಯ ಕುರಿತು ಮಾತನಾಡಲು ಕರೆದಿದ್ದೀರಿ. ನಾನು ದೇವಶಾಸ್ತ್ರ ಓದಿದವನಲ್ಲ, ಸಭಾಪಾಲಕನೂ ಅಲ್ಲ. ಆದರೆ ಬೇಡುವವರ ಮಾತು ಹೇಗಿರುತ್ತದೆಂಬುದನ್ನು ಹತ್ತಿರದಿಂದ ಬಲ್ಲೆ. ನನ್ನ ಸೇವಾವಧಿಯ ಬಹುಭಾಗ ಕಳೆದದ್ದು ಅರ್ಜಿಗಳನ್ನು ಓದುವುದರಲ್ಲಿ, ಅವಕ್ಕೆ ನಂಬರು ಕೊಟ್ಟು ಮೇಲಿನವರ ಮೇಜಿಗೆ ಕಳಿಸುವುದರಲ್ಲಿ, ಷರಾ ಬರೆಸಿಕೊಂಡು ಹಿಂದಿರುಗಿದ ಕಾಗದವನ್ನು ಕಡತಕ್ಕೆ ಸೇರಿಸುವುದರಲ್ಲಿ. ಅರ್ಜಿಗೆ ಒಂದು ಒಕ್ಕಣೆ ಇರುತ್ತದೆ. ಯಾರಿಗೆ, ಯಾರಿಂದ, ವಿಷಯ, ಉಲ್ಲೇಖ. ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಆ ಉದ್ದನೆಯ ಪೀಠಿಕೆ. ಒಕ್ಕಣೆಯನ್ನು ನೋಡಿದರೆ ಸಾಕು, ಬರೆದವನು ಯಾರೆದುರು ನಿಂತಿದ್ದೇನೆಂದು ಭಾವಿಸಿದ್ದಾನೆ ಎಂಬುದು ತಿಳಿಯುತ್ತದೆ. ಇಂದು ನಾನು ಹೇಳಬೇಕಾದುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಒಂದು ಮಧ್ಯಾಹ್ನದ ಘಟನೆಯನ್ನು ಹೇಳುತ್ತೇನೆ. ವೃದ್ಧಾಪ್ಯ ವೇತನ ಮೂರು ತಿಂಗಳಿಂದ ಬಂದಿಲ್ಲವೆಂದು ಒಬ್ಬ ಮುದುಕರು ಬಂದಿದ್ದರು. ಕಚೇರಿಯ ಹೊರಗೆ ಮರದಡಿ ಕುಳಿತು ಬರೆದುಕೊಡುವವರಿಂದ ಒಂದೂವರೆ ಪುಟದ ಅರ್ಜಿ ಬರೆಸಿದ್ದರು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಕಾಗದವನ್ನು ಎರಡೂ ಕೈಗಳಲ್ಲಿ ಹಿಡಿದು, ನಾನು ತಲೆಯೆತ್ತುವವರೆಗೆ ಮಾತಾಡದೆ ನಿಂತಿದ್ದರು. ಅರ್ಜಿಯ ಒಂದೂವರೆ ಪುಟದಲ್ಲಿ ಒಂದು ಪುಟ ಸಾಹೇಬರ ಗುಣಗಾನವೇ ಆಗಿತ್ತು. ಅವರ ಜೊತೆಗೆ ನಾಲ್ಕೈದು ವರ್ಷದ ಮೊಮ್ಮಗ ಬಂದಿದ್ದ. ಅಜ್ಜ ಹಾಗೆ ಬಾಗಿ ನಿಂತಿರುವಾಗಲೇ ಆ ಹುಡುಗ ಅವರ ಧೋತರವನ್ನು ಜಗ್ಗಿ, ‘ಅಜ್ಜಾ, ನೀರಡಿಕಿ’ ಎಂದ. ಅಷ್ಟೇ. ಅದಕ್ಕೆ ಪೀಠಿಕೆಯೂ ಇರಲಿಲ್ಲ, ಉಲ್ಲೇಖವೂ ಇರಲಿಲ್ಲ. ಮುದುಕರು ಅರ್ಜಿಯನ್ನು ಕಂಕುಳಲ್ಲಿ ಅವಚಿಕೊಂಡು, ಚೀಲದಿಂದ ಬಾಟಲಿ ತೆಗೆದು, ಬಿರಡೆ ತಿರುವಿ ಕೊಟ್ಟರು. ಹುಡುಗ ಕುಡಿದು ಅಂಗಿಯ ತೋಳಿನಿಂದ ಬಾಯೊರೆಸಿಕೊಂಡ. ಒಂದೇ ಕೋಣೆಯಲ್ಲಿ, ಒಂದೇ ನಿಮಿಷದಲ್ಲಿ ಎರಡು ಬೇಡಿಕೆಗಳು ನಡೆದಿದ್ದವು. ಎರಡನೆಯದು ಆಗಲೇ ಈಡೇರಿತ್ತು. ಮೊದಲನೆಯದನ್ನು ನಾನು ಟಪಾಲಿನ ಬುಟ್ಟಿಗೆ ಹಾಕಿದೆ.

ಆ ಭಾನುವಾರ ಆರಾಧನೆಯಲ್ಲಿ ನನ್ನ ಪ್ರಾರ್ಥನೆಯನ್ನೇ ನಾನು ಬೇರೆಯವರದೆಂಬಂತೆ ಕೇಳಿಸಿಕೊಂಡೆ. ‘ಸರ್ವಶಕ್ತನೂ ಸರ್ವಜ್ಞನೂ ಮಹಾಮಹಿಮನೂ ಆದ ಕರ್ತನೇ, ಪಾಪಿಗಳೂ ಅಯೋಗ್ಯರೂ ಆದ ನಾವು ನಿನ್ನ ಪಾದಸನ್ನಿಧಾನಕ್ಕೆ’ ಎಂದು ಅದು ಸಾಗಿತ್ತು. ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಆದರೆ ಒಕ್ಕಣೆ ಕಚೇರಿಯದು. ಶಿಷ್ಯರು ‘ನಮಗೆ ಪ್ರಾರ್ಥನೆ ಮಾಡುವುದನ್ನು ಕಲಿಸು’ ಎಂದು ಕೇಳಿದಾಗ ಯೇಸು ಕಲಿಸಿದ ಪ್ರಾರ್ಥನೆ ನಮಗೆ ಎರಡು ರೂಪಗಳಲ್ಲಿ ಸಿಕ್ಕಿದೆ. ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಅದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ತೊಡಗುತ್ತದೆ. ನಾವು ಬಾಯಿಪಾಠ ಮಾಡಿರುವುದು ಅದನ್ನೇ. ಲೂಕನ 11ನೆಯ ಅಧ್ಯಾಯದಲ್ಲಿರುವುದು ಇನ್ನೂ ಚಿಕ್ಕದು. ಹಳೆಯ ಹಸ್ತಪ್ರತಿಗಳಲ್ಲಿ ಅಲ್ಲಿನ ಒಕ್ಕಣೆ ಒಂದೇ ಪದ: ‘ತಂದೆಯೇ’. ಅದಾದ ಮೇಲೆ ನೇರವಾಗಿ ವಿಷಯ. ನೀರಡಿಕೆ ಎಂದ ಹುಡುಗನ ಮಾತಿಗೂ ಅದಕ್ಕೂ ಹೆಚ್ಚು ದೂರವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ದೇವರನ್ನು ತಂದೆಯೆಂದು ಕರೆದದ್ದು ಯೇಸುವೇ ಮೊದಲು ಎಂದು ಕೆಲವರು ಉಪದೇಶಪೀಠದಿಂದ ಹೇಳುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ತಂದೆ ಮಕ್ಕಳನ್ನು ಕನಿಕರಿಸುವಂತೆ ಯೆಹೋವನು ಕನಿಕರಿಸುತ್ತಾನೆಂದು 103ನೆಯ ಕೀರ್ತನೆ ಹಾಡುತ್ತದೆ. ಯೆಶಾಯನ 63ನೆಯ ಅಧ್ಯಾಯದಲ್ಲಿ ಜನರು ‘ನೀನೇ ನಮ್ಮ ತಂದೆ’ ಎಂದು ನೇರವಾಗಿ ಮೊರೆಯಿಡುತ್ತಾರೆ. ಹೋಶೇಯನ 11ನೆಯ ಅಧ್ಯಾಯದಲ್ಲಂತೂ ದೇವರು ಎಫ್ರಾಯೀಮಿಗೆ, ಎಂದರೆ ತನ್ನ ಇಸ್ರಾಯೇಲ್ ಜನಕ್ಕೆ, ನಡಿಗೆ ಕಲಿಸಿದ, ತೋಳಲ್ಲಿ ಎತ್ತಿಕೊಂಡ ಚಿತ್ರವೇ ಇದೆ; ಮಗುವಿಗೆ ಹೆಜ್ಜೆಯಿಡಲು ಕಲಿಸಿದ ಯಾರಿಗಾದರೂ ಅದನ್ನು ಓದುವಾಗ ಸೊಂಟ ಬಾಗಿಸಿ ಹಿಂದಕ್ಕೆ ನಡೆದ ನೋವು ನೆನಪಾಗಬೇಕು. ನಮ್ಮ ನಾಡಿನಲ್ಲಿಯೂ 12ನೆಯ ಶತಮಾನದ ಬಸವಣ್ಣನವರು ಕೂಡಲಸಂಗಮನನ್ನು ತಂದೆ ನೀನು, ತಾಯಿ ನೀನು ಎಂದು ಕರೆದವರೇ. ಯೇಸುವಿನಲ್ಲಿ ಬದಲಾದುದು ಬೇರೆ. ಎಂದೋ ಒಮ್ಮೆ, ಕಷ್ಟದಲ್ಲಿಯೋ ಹಾಡಿನಲ್ಲಿಯೋ ಬರುತ್ತಿದ್ದ ಆ ಕರೆಯನ್ನು ಅವನು ದಿನನಿತ್ಯದ ಬಾಗಿಲಾಗಿ ಮಾಡಿದ, ಮತ್ತು ತಾನು ಒಳಗೆ ಹೋಗುವ ಬಾಗಿಲಿನಿಂದಲೇ ನಮ್ಮನ್ನೂ ಒಳಗೆ ಬಿಟ್ಟ.

ಆ ಕರೆ ಅವನ ಬಾಯಲ್ಲಿ ಹೇಗೆ ಕೇಳಿಸುತ್ತಿತ್ತು ಎಂಬುದಕ್ಕೆ ನಮಗೆ ಒಂದು ಸಾಕ್ಷಿ ಉಳಿದಿದೆ. ಹೊಸ ಒಡಂಬಡಿಕೆ ಬರೆಯಲ್ಪಟ್ಟದ್ದು ಗ್ರೀಕ್ ಭಾಷೆಯಲ್ಲಿ; ಆದರೆ ಮೂರು ಕಡೆ, ಮಾರ್ಕನ 14ನೆಯ ಅಧ್ಯಾಯದಲ್ಲಿ, ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ, ಗಲಾತ್ಯದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ, ಯೇಸುವಿನ ಆಡುನುಡಿಯಾದ ಅರಮೇಯದ ‘ಅಬ್ಬಾ’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲಿ ಗ್ರೀಕ್ ಅರ್ಥವನ್ನು ಕೊಟ್ಟಿದ್ದಾರೆ. ಯೆರೂಸಲೇಮನ್ನೇ ಕಾಣದ, ಅರಮೇಯ ಅರಿಯದ ಗಲಾತ್ಯದ ಜನರೂ ಪ್ರಾರ್ಥನೆಯಲ್ಲಿ ಆ ಪದವನ್ನು ಕೂಗುತ್ತಿದ್ದರೆಂದರೆ, ಅದನ್ನು ಅನುವಾದಿಸಲು ಮೊದಲ ಕ್ರೈಸ್ತರಿಗೆ ಮನಸ್ಸು ಬಂದಿರಲಿಲ್ಲ ಎಂದಾಯಿತು. ಯೇಸುವಿನ ಬಾಯಿಂದ ಕೇಳಿದ ಧ್ವನಿಯದು. ಕಳೆದ ಶತಮಾನದಲ್ಲಿ ಯೋವಾಕಿಂ ಯೆರೆಮಿಯಾಸ್ ಎಂಬ ಜರ್ಮನ್ ವಿದ್ವಾಂಸರು ಈ ಪದದ ಮಹತ್ವವನ್ನು ಎತ್ತಿ ತೋರಿದ ಮೇಲೆ, ಇದು ಎಳೆಯ ಮಕ್ಕಳು ತೊದಲುವ ‘ಡ್ಯಾಡಿ’ ಎಂದು ಬೋಧಕರು ಎಲ್ಲೆಡೆ ಹೇಳತೊಡಗಿದರು. 1988ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು ಅದು ಡ್ಯಾಡಿ ಅಲ್ಲವೆಂದು ಲೇಖನ ಬರೆದರು. ಬೆಳೆದು ದೊಡ್ಡವರಾದ ಮಕ್ಕಳೂ ತಮ್ಮ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರೆಂದು ತೋರಿಸಿಕೊಟ್ಟರು.

ಇಂಗ್ಲಿಷಿನವರಿಗೆ ಈ ಜಗಳ ಬೇಕು, ಏಕೆಂದರೆ ಅವರಲ್ಲಿ ಮಗುವಿನ ಪದ ಬೇರೆ, ದೊಡ್ಡವರ ಪದ ಬೇರೆ. ಕನ್ನಡಿಗರಾದ ನಮಗೆ ಬೇಡ. ತೊಟ್ಟಿಲ ಮಗು ಅಪ್ಪ ಎನ್ನುತ್ತದೆ. ಅರವತ್ತು ವರ್ಷದ ಮಗ ಎಂಬತ್ತೈದು ವರ್ಷದ ತಂದೆಯ ಹಾಸಿಗೆಯ ಬಳಿ ಬಗ್ಗಿ ಅದೇ ಪದವನ್ನು ಹೇಳುತ್ತಾನೆ. ಸಲಿಗೆಯೂ ಗೌರವವೂ ಆ ಎರಡಕ್ಷರದಲ್ಲಿ ಬೇರೆಬೇರೆಯಾಗಿ ಕೂತಿಲ್ಲ. ನಮ್ಮ ಸತ್ಯವೇದದ ಭಾಷಾಂತರಕಾರರು ಆ ಮೂರು ಕಡೆಯೂ ‘ಅಪ್ಪಾ, ತಂದೆಯೇ’ ಎಂದು ಬರೆದಾಗ ಅರ್ಥ ಮಾತ್ರವಲ್ಲ, ಧ್ವನಿಯೂ ಹತ್ತಿರ ಬಂತು.

ನಾನು ಹುಟ್ಟಿದ್ದು ಮಂಗಳೂರಿನ ಕಡೆ, ತುಳು ಮಾತನಾಡುವ ಮನೆಯಲ್ಲಿ. 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದ ಮೇಲೆ ಬೆಳೆದ ಸಭೆಗಳು ನಮ್ಮವು. ನಮ್ಮಂಥ ಎಷ್ಟೋ ಮನೆಗಳಲ್ಲಿ ಜಗಳ, ನಗು, ಅಡುಗೆ, ವ್ಯಾಪಾರ ಎಲ್ಲ ತುಳುವಿನಲ್ಲಿ, ಆರಾಧನೆ ಮಾತ್ರ ಕನ್ನಡದಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ತುಳುವಿನಲ್ಲಿ ತಂದೆಗೆ ಅಮ್ಮೆ ಎನ್ನುತ್ತಾರೆ, ತಾಯಿಗೆ ಅಪ್ಪೆ ಎನ್ನುತ್ತಾರೆ. ಹಾಗಾಗಿ ಭಾನುವಾರದ ಶಾಲೆಯಲ್ಲಿ ‘ಅಪ್ಪಾ, ತಂದೆಯೇ’ ಎಂಬ ವಚನವನ್ನು ಮೊದಲ ಸಲ ಕೇಳಿದಾಗ ನನ್ನ ಕಿವಿಗೆ ಅದು ತಾಯಿಯನ್ನೂ ತಂದೆಯನ್ನೂ ಒಟ್ಟಿಗೆ ಕರೆದಂತೆ ಕೇಳಿಸಿತ್ತು. ಮಾಸ್ಟರರು ನಕ್ಕು ತಿದ್ದಿದರು. ಆದರೆ ಆ ತಪ್ಪು ಪೂರ್ತಿ ತಪ್ಪಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಹೆತ್ತ ತಾಯಿ ಮೊಲೆಗೂಸನ್ನು ಮರೆತರೂ ನಾನು ನಿನ್ನನ್ನು ಮರೆಯೆನು ಎಂದು ಯೆಶಾಯನ 49ರಲ್ಲಿ, ತಾಯಿ ಸಂತೈಸುವಂತೆ ಸಂತೈಸುವೆನು ಎಂದು 66ರಲ್ಲಿ ಹೇಳುವವನು ಇದೇ ತಂದೆ. ತಂದೆ ಎಂಬ ಪದ ಗಂಡಸುತನದ ಸುದ್ದಿಯಲ್ಲ, ನಾವು ಯಾರಿಗೆ ಸೇರಿದವರು ಎಂಬುದರ ಸುದ್ದಿ.

ನೀನು, ನೀವು ಎಂಬ ಪ್ರಶ್ನೆಯನ್ನು ಇಲ್ಲಿಯೇ ಮುಗಿಸುತ್ತೇನೆ. ಕೆಲವು ಮನೆಗಳಲ್ಲಿ ಅಪ್ಪನಿಗೆ ನೀನು ಎನ್ನುತ್ತಾರೆ, ಕೆಲವು ಮನೆಗಳಲ್ಲಿ ನೀವು ಎನ್ನದಿದ್ದರೆ ಕೆನ್ನೆಗೆ ಬೀಳುತ್ತದೆ. ಕರ್ತನ ಪ್ರಾರ್ಥನೆಯಲ್ಲಿ ನಾವು ‘ನಿನ್ನ ನಾಮವು’ ಎನ್ನುತ್ತೇವೆ. ಜಿಲ್ಲಾಧಿಕಾರಿಗೆ ತಾವು ಎನ್ನುವ ನಾಲಿಗೆ ಲೋಕವನ್ನು ಸೃಷ್ಟಿಸಿದವನಿಗೆ ನೀನು ಎನ್ನುತ್ತದೆ, ಮತ್ತು ಅದರಲ್ಲಿ ಯಾರಿಗೂ ಅವಮಾನ ಕಾಣುವುದಿಲ್ಲ. ಇದನ್ನು ಹಗುರವಾಗಿಯೂ ತೆಗೆದುಕೊಳ್ಳಬಾರದು. ಪಶ್ಚಿಮದ ಪುರಾತನ ಪೂಜಾವಿಧಿಯಲ್ಲಿ ಈ ಪ್ರಾರ್ಥನೆಗೆ ಮುಂಚೆ ‘ಹೀಗೆ ಹೇಳಲು ಧೈರ್ಯ ಮಾಡುತ್ತೇವೆ’ ಎಂಬ ಮಾತು ಬರುತ್ತದೆ. ಪ್ರಾಚೀನ ಸಭೆಗಳಲ್ಲಿ ದೀಕ್ಷಾಸ್ನಾನದ ದಿನ ಹತ್ತಿರ ಬಂದಾಗಷ್ಟೇ ಅಭ್ಯರ್ಥಿಗಳಿಗೆ ಈ ಪ್ರಾರ್ಥನೆಯನ್ನು ಒಪ್ಪಿಸುವ ರೂಢಿಯಿತ್ತು. ಮನೆಗೆ ಸೇರಿಸಿಕೊಂಡ ಮೇಲೆ ಬೀಗದ ಕೈ ಕೊಟ್ಟ ಹಾಗೆ. ಇಂದು ಕೆಲವು ಪ್ರಾರ್ಥನಾಕೂಟಗಳಲ್ಲಿ ‘ಸ್ತೋತ್ರ ತಂದೆಯೇ, ಈ ಹೊತ್ತಿಗಾಗಿ ತಂದೆಯೇ, ಈ ಮೈಕಿಗಾಗಿ ತಂದೆಯೇ’ ಎಂದು ಅದನ್ನು ಅಲ್ಪವಿರಾಮದ ಬದಲಿಗೆ ಬಳಸುವುದನ್ನು ಕೇಳುವಾಗ, ಮನೆಯಲ್ಲಿ ಯಾವ ಮಗುವೂ ತನ್ನ ಅಪ್ಪನ ಜೊತೆ ಹೀಗೆ ಮಾತಾಡುವುದಿಲ್ಲವಲ್ಲ ಎನ್ನಿಸುತ್ತದೆ.

ಸುವಾರ್ತೆಗಳಲ್ಲಿ ಯೇಸು ‘ಅಪ್ಪಾ’ ಎಂದದ್ದು ನಮಗೆ ಅದೇ ಧ್ವನಿಯಲ್ಲಿ ಉಳಿದಿರುವುದು ಒಂದೇ ಸಂದರ್ಭದಲ್ಲಿ. ಅದು ಗೆತ್ಸೇಮನೆ, ಯೇಸು ಬಂಧನಕ್ಕೆ ಮುಂಚೆ ಪ್ರಾರ್ಥಿಸಿದ ತೋಟ. ಮಾರ್ಕನು ಅದನ್ನು ಹಬ್ಬದೂಟದ ಕಥೆಯಲ್ಲಿ ಇಟ್ಟಿಲ್ಲ, ಬೆಟ್ಟದ ಮೇಲೆ ಯೇಸುವಿನ ರೂಪ ಬೆಳಗಿದ ದಿನದಲ್ಲಿ ಇಟ್ಟಿಲ್ಲ. ನೆಲದ ಮೇಲೆ ಬೋರಲು ಬಿದ್ದ ರಾತ್ರಿಯಲ್ಲಿ ಇಟ್ಟಿದ್ದಾನೆ. ಅಪ್ಪಾ, ನಿನಗೆ ಎಲ್ಲ ಸಾಧ್ಯ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು. ಬೇಡಿಕೆ ಸ್ಪಷ್ಟವಾಗಿದೆ, ಒಂದೇ ಸಾಲಿನದು. ಆ ಪಾತ್ರೆ, ಎಂದರೆ ಬರಲಿದ್ದ ಶಿಲುಬೆಯ ಸಂಕಟ, ತೊಲಗಲಿಲ್ಲ. ಅಪ್ಪ ಎಂದು ಕರೆದವನಿಗೆ ಕೇಳಿದ್ದೆಲ್ಲ ಸಿಗುತ್ತದೆ ಎಂದು ಬೋಧಿಸುವವರು ಈ ಪುಟವನ್ನು ಹೇಗೆ ದಾಟುತ್ತಾರೋ ನನಗೆ ಗೊತ್ತಾಗಿಲ್ಲ. ಅರ್ಜಿ ತಿರಸ್ಕೃತವಾದರೆ ಕಚೇರಿಯೊಡನೆ ನಮ್ಮ ಸಂಬಂಧ ಮುಗಿಯಿತು. ಮೇಲ್ಮನವಿಯ ಅವಧಿ ಕಳೆದರೆ ಅದೂ ಇಲ್ಲ. ಇಲ್ಲಿ ಹಾಗಾಗಲಿಲ್ಲ. ಲೂಕನ ಪ್ರಕಾರ ಶಿಲುಬೆಯ ಮೇಲಿನ ಕೊನೆಯ ಉಸಿರಿನ ಒಕ್ಕಣೆಯೂ ‘ತಂದೆಯೇ’ ಎಂಬುದೇ ಆಗಿತ್ತು.

ಇಷ್ಟು ಹೇಳುವಾಗ ನಿಮ್ಮಲ್ಲಿ ಕೆಲವರ ಮುಖ ಬಿಗಿದುಕೊಂಡಿರುವುದನ್ನು ನಾನು ಕಾಣುತ್ತಿದ್ದೇನೆ. ಅಪ್ಪ ಎಂದರೆ ಕುಡಿದು ಬಂದವನು, ಅಪ್ಪ ಎಂದರೆ ಬಿಟ್ಟುಹೋದವನು ಎಂಬ ನೆನಪು ಇರುವವರಿಗೆ ಈ ಪದವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ ತಂದೆ ಕುಡಿಯುತ್ತಿರಲಿಲ್ಲ. ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಬಳಿ ದುಡಿಯುತ್ತಿದ್ದರು. ಸಂಜೆ ಬಂದಾಗ ಕಿವಿಯ ಮಡಿಕೆಗಳಲ್ಲೂ ಕೆಂಪು ಧೂಳಿರುತ್ತಿತ್ತು. ಮನೆಯ ಮಾಡಿನ ಸಂದಿಯಲ್ಲಿ ನಾಗರಬೆತ್ತ ಸಿಕ್ಕಿಸಿಟ್ಟಿದ್ದರು. ಅದು ಯಾವ ಕಾರಣಕ್ಕೆ ಕೆಳಗಿಳಿಯುತ್ತದೆ ಎಂಬುದನ್ನು ನಾವು ಮೂವರು ಮಕ್ಕಳು ಎಂದೂ ಮುಂಚಿತವಾಗಿ ತಿಳಿಯಲಾಗಲಿಲ್ಲ. ನಾನು ಅವರೊಡನೆ ಮಾತಾಡಿದ್ದಕ್ಕಿಂತ ಅವರ ಹೆಜ್ಜೆಯ ಸದ್ದನ್ನು ಕೇಳಿ ಸರಿದುಹೋದದ್ದೇ ಹೆಚ್ಚು. ಅಂಥ ಮನೆಯಲ್ಲಿ ಪ್ರತಿ ರಾತ್ರಿ ಎಂಟು ಗಂಟೆಗೆ ಚಾಪೆ ಹಾಸಿ ಕುಟುಂಬ ಪ್ರಾರ್ಥನೆ ನಡೆಯುತ್ತಿತ್ತು. ಎಲ್ಲರೂ ಕಣ್ಣು ಮುಚ್ಚಬೇಕು. ಒಂದು ರಾತ್ರಿ ನಾನು ಕಣ್ಣು ತೆರೆದು ನೋಡಿದೆ. ತಂದೆ ಮೊಣಕಾಲೂರಿ, ಬಿರುಕುಬಿಟ್ಟ ಕೈಗಳನ್ನು ಜೋಡಿಸಿ, ತಲೆ ತಗ್ಗಿಸಿ ‘ತಂದೆಯೇ’ ಎಂದರು. ಹಗಲಿನಲ್ಲಿ ನಾನು ಎಂದೂ ಕೇಳಿರದ ಧ್ವನಿಯದು. ಈ ಮನುಷ್ಯನಿಗೂ ಒಬ್ಬ ಅಪ್ಪ ಇದ್ದಾನೆ, ಅವನೆದುರು ಇವರೂ ಒಬ್ಬ ಹುಡುಗ ಎಂಬುದು ಆ ಕ್ಷಣ ಹೊಳೆದು, ಯಾಕೋ ಭಯ ಅರ್ಧ ಇಳಿದುಹೋಯಿತು. ಮರುದಿನ ಬೆತ್ತ ಇದ್ದಲ್ಲೇ ಇತ್ತು, ಅದನ್ನು ಮರೆಮಾಚುವುದಿಲ್ಲ.

16ನೆಯ ಶತಮಾನದಲ್ಲಿ ಜರ್ಮನಿಯ ಸಭಾಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರನ ಬಾಲ್ಯದ ಕಥೆ ಓದಿದಾಗ ನನಗೆ ಗುರುತಿನವರ ಮನೆಯನ್ನು ಹೊಕ್ಕಂತಾಯಿತು. ತಂದೆ ಹಾನ್ಸ್ ಮಾನ್ಸ್‌ಫೆಲ್ಡಿನ ತಾಮ್ರದ ಗಣಿ ಮತ್ತು ಕುಲುಮೆಗಳ ಕಸುಬಿನವನು, ಬೆಂಕಿಯ ಬಳಿ ಬದುಕಿದ ಮನುಷ್ಯ. ಒಮ್ಮೆ ಅವನು ಎಷ್ಟು ಹೊಡೆದನೆಂದರೆ ಮಗ ಓಡಿಹೋದ, ಮತ್ತೆ ಒಲಿಸಿಕೊಳ್ಳಲು ತಂದೆಗೆ ಬಹಳ ಪ್ರಯಾಸವಾಯಿತು ಎಂದು ಲೂಥರನೇ ಊಟದ ಮೇಜಿನಲ್ಲಿ ನೆನೆಸಿಕೊಂಡದ್ದುಂಟು. 1505ರಲ್ಲಿ ಮಗ ಸನ್ಯಾಸಿ ಮಠ ಸೇರಿದಾಗ ಹಾನ್ಸ್ ಕೆರಳಿದ. 1507ರಲ್ಲಿ ಲೂಥರ್ ತನ್ನ ಮೊದಲ ಪೂಜೆಯನ್ನು ಅರ್ಪಿಸುವಾಗ, ಜೀವಸ್ವರೂಪನಾದ ನಿತ್ಯದೇವರನ್ನು ನೇರವಾಗಿ ಸಂಬೋಧಿಸುವ ಮಾತುಗಳ ಬಳಿ ಬಂದು ನಡುಗಿಹೋದ. ಒಬ್ಬ ರಾಜಕುಮಾರನ ಮುಂದೆಯೇ ಜನ ನಡುಗುತ್ತಾರೆ, ಮಣ್ಣಿನವನಾದ ನಾನು ಇವನೊಡನೆ ಮಾತಾಡುವುದೇ ಎಂಬ ದಿಗಿಲು. ಅದೇ ಮನುಷ್ಯ 1529ರಲ್ಲಿ ಸಾಮಾನ್ಯ ಮನೆಗಳಿಗಾಗಿ ನಂಬಿಕೆಯ ಪಾಠದ ಚಿಕ್ಕ ಪ್ರಶ್ನೋತ್ತರ ಬರೆದ; 1531ರಲ್ಲಿ ಅದಕ್ಕೆ ಸೇರಿಸಿದ ‘ನಮ್ಮ ತಂದೆಯೇ’ ಎಂಬ ಮೊದಲ ಮಾತಿನ ವಿವರಣೆಯ ಸಾರ ಇಷ್ಟು: ಮುದ್ದಿನ ಮಕ್ಕಳು ತಮ್ಮ ಪ್ರೀತಿಯ ತಂದೆಯನ್ನು ಕೇಳುವ ಹಾಗೆ ನಾವು ಧೈರ್ಯವಾಗಿ, ಭರವಸೆಯಿಂದ ಕೇಳಬೇಕೆಂದು ದೇವರೇ ನಮ್ಮನ್ನು ಓಲೈಸುತ್ತಿದ್ದಾನೆ.

ಮೊದಲ ಪೂಜೆಯಿಂದ ಈ ವಿವರಣೆಯವರೆಗಿನ ಇಪ್ಪತ್ತನಾಲ್ಕು ವರ್ಷಗಳ ನಡುವೆ ಏನೇನಾಯಿತು ಎಂಬುದು ಚರಿತ್ರೆಯ ಪುಸ್ತಕಗಳಲ್ಲಿದೆ, ಅದನ್ನು ಬಿಡೋಣ. ಅದರಲ್ಲಿ ಒಂದು ಬೇಸಿಗೆಯನ್ನು ಮಾತ್ರ ಹೇಳುತ್ತೇನೆ. 1530ರ ಮೇ ತಿಂಗಳ ಕೊನೆಗೆ ಹಾನ್ಸ್ ತೀರಿಕೊಂಡ. ಮಗ ಆಗ ಕೋಬುರ್ಗ್ ಕೋಟೆಯಲ್ಲಿದ್ದ. ಪತ್ರ ಬಂದಾಗ ಲೂಥರ್ ತನ್ನ ಕೀರ್ತನೆಗಳ ಪುಸ್ತಕವನ್ನು ಕೈಗೆತ್ತಿಕೊಂಡು ಕೋಣೆಗೆ ಹೋಗಿ, ಮರುದಿನ ತಲೆನೋಯುವಷ್ಟು ಅತ್ತ ಎಂದು ಜೊತೆಗಿದ್ದವರು ಬರೆದಿಟ್ಟಿದ್ದಾರೆ. ಅದೇ ಜೂನ್ ತಿಂಗಳಲ್ಲಿ, ಅದೇ ಕೋಟೆಯಿಂದ, ಮನೆಯಲ್ಲಿದ್ದ ನಾಲ್ಕು ವರ್ಷದ ಮಗನಿಗೆ ಅವನೊಂದು ಪತ್ರ ಬರೆದ. ಆ ಮಗುವಿಗೂ ಅಜ್ಜನ ಹೆಸರೇ, ಹಾನ್ಸ್. ನನಗೊಂದು ಸೊಗಸಾದ ತೋಟ ಗೊತ್ತು, ಅಲ್ಲಿ ಮಕ್ಕಳು ಮರದಡಿ ಸೇಬು ಆರಿಸಿಕೊಳ್ಳುತ್ತಾರೆ, ಚಿನ್ನದ ಕಡಿವಾಣ, ಬೆಳ್ಳಿಯ ಜೀನು ಹಾಕಿದ ಪುಟ್ಟ ಕುದುರೆಗಳಿವೆ, ಪ್ರಾರ್ಥನೆ ಮಾಡಿ ಕಲಿಯುವ ಮಕ್ಕಳಿಗೆ ಅದರೊಳಗೆ ಬರಲು ಅಪ್ಪಣೆಯಿದೆ ಎಂದು ಆ ಪತ್ರದಲ್ಲಿದೆ. ಹೊಡೆದ ತಂದೆಗಾಗಿ ಅತ್ತ ಕಣ್ಣುಗಳು ಒಣಗುವ ಮೊದಲೇ ಬರೆದ ಪತ್ರ. ತಾನು ಪಡೆಯದ ತಂದೆತನವನ್ನು ಅವನು ಎಲ್ಲಿಂದ ತಂದು ಕೊಟ್ಟ? ಮೇಲಿನಿಂದ ತಂದ ಎಂದು ನಾನು ನಂಬುತ್ತೇನೆ.

ಇದರಿಂದ ನಮ್ಮ ಲೆಕ್ಕ ತಿರುಗುತ್ತದೆ. ನಮ್ಮ ಅಪ್ಪಂದಿರನ್ನು ದೊಡ್ಡದು ಮಾಡಿ ಆಕಾಶಕ್ಕೆ ಏರಿಸಿದರೆ ದೇವರಾಗುವುದಿಲ್ಲ. ಮತ್ತಾಯನ 7ನೆಯ ಅಧ್ಯಾಯದಲ್ಲಿ, ಮಗ ರೊಟ್ಟಿ ಕೇಳಿದರೆ ಕಲ್ಲನ್ನು, ಮೀನು ಕೇಳಿದರೆ ಹಾವನ್ನು ಯಾರು ಕೊಡುತ್ತಾನೆ ಎಂದು ಕೇಳಿದ ಯೇಸು, ಮುಂದಿನ ಮಾತಿನಲ್ಲಿ ಅಪ್ಪಂದಿರನ್ನು ‘ಕೆಟ್ಟವರಾದ ನೀವೇ’ ಎಂದು ಕರೆಯುತ್ತಾನೆ. ಎಷ್ಟು ಸಾರಿ ಓದಿದರೂ ನಾವು ಈ ಪದವನ್ನು ಹಾರಿಸಿಬಿಡುತ್ತೇವೆ. ಮನೆಯ ಅಪ್ಪಂದಿರು ಹೇಗಿರುತ್ತಾರೆಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಹೆಸರನ್ನು ಆರಿಸಿಕೊಂಡ.

ಈಗ ಲೂಕನ 15ಕ್ಕೆ ಬರುತ್ತೇನೆ. ತಪ್ಪಿಹೋದ ಮಗನ ಸಾಮ್ಯದ ಮೇಲೆ ನೀವು ನೂರು ಪ್ರಸಂಗಗಳನ್ನು ಕೇಳಿದ್ದೀರಿ. ನಾನು ಅದನ್ನು ಗುಮಾಸ್ತನ ಕಣ್ಣಿನಿಂದ, ಒಕ್ಕಣೆಗಳನ್ನಷ್ಟೇ ಹಿಡಿದು ಓದುತ್ತೇನೆ. ಆಸ್ತಿಯ ಪಾಲು ಪಡೆದು ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡಿಕೊಂಡ ಕಿರಿಯವನು ಹಂದಿಗಳ ನಡುವೆ ಕೂತು ಒಂದು ಅರ್ಜಿ ಸಿದ್ಧಪಡಿಸುತ್ತಾನೆ. ಅದರಲ್ಲಿ ಮೂರು ಭಾಗಗಳಿವೆ: ಪಾಪ ಮಾಡಿದ್ದೇನೆ, ನಿನ್ನ ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಮೊದಲೆರಡು ಒಪ್ಪಿಗೆ, ಮೂರನೆಯದು ಬೇಡಿಕೆ. ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡಿಕೊಂಡು ಬಂದಿರಬೇಕು. ತಂದೆ ದೂರದಿಂದಲೇ ಕಂಡು ಓಡಿಬಂದು ಕೊರಳನ್ನು ತಬ್ಬಿಕೊಂಡ ಮೇಲೂ ಅವನು ಅರ್ಜಿಯನ್ನು ಓದಲು ಶುರುಮಾಡುತ್ತಾನೆ. ಆದರೆ 21ನೆಯ ವಚನವನ್ನು 19ರ ಪಕ್ಕದಲ್ಲಿಟ್ಟು ನೋಡಿ: ಮೂರನೆಯ ಭಾಗ ಇಲ್ಲ. ಕೂಲಿಯಾಳಿನ ಮಾತು ಬರುವಷ್ಟರಲ್ಲಿ ತಂದೆ ಆಳುಗಳಿಗೆ ನಿಲುವಂಗಿ, ಉಂಗುರ, ಜೋಡು ತರಲು ಹೇಳುತ್ತಿದ್ದಾನೆ. ಪಾಪದ ಒಪ್ಪಿಗೆಯನ್ನು ಕೇಳಿಸಿಕೊಂಡ ತಂದೆ, ಸಂಬಳದ ಪ್ರಸ್ತಾಪವನ್ನು ಮಾತ್ರ ಆಡಲು ಬಿಡಲಿಲ್ಲ. ಮಗ ಕೆಟ್ಟಿದ್ದರೂ ಅವನ ಒಕ್ಕಣೆ ಕೆಟ್ಟಿರಲಿಲ್ಲ ಎಂಬುದನ್ನೂ ಗಮನಿಸಿ. ಆಸ್ತಿಯ ಪಾಲು ಕೇಳಿದಾಗಲೂ ‘ಅಪ್ಪಾ’ ಎಂದಿದ್ದ, ಹಂದಿಯ ಹಿಂಡಿನಲ್ಲಿಯೂ ಅದೇ ಪದದಿಂದ ಶುರುಮಾಡಿದ.

ಹಿರಿಯವನನ್ನು ನೋಡಿ. ಹೊಲದಿಂದ ಬಂದು, ವಾದ್ಯ ಮತ್ತು ಕುಣಿತದ ಸದ್ದು ಕೇಳಿ ಅಂಗಳದಲ್ಲೇ ನಿಂತುಬಿಟ್ಟ ಅವನ ಮಾತು ‘ನೋಡು’ ಎಂದು ಆರಂಭವಾಗುತ್ತದೆ. ಅವನ ಇಡೀ ಮಾತಿನಲ್ಲಿ ‘ಅಪ್ಪಾ’ ಎಂಬುದು ಎಲ್ಲಿಯೂ ಇಲ್ಲ. ಇಷ್ಟು ವರ್ಷ ನಿನಗೆ ಸೇವೆ ಮಾಡಿದ್ದೇನೆ, ಒಂದು ಅಪ್ಪಣೆಯನ್ನೂ ಮೀರಿಲ್ಲ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ. ಇದು ಬಾಕಿ ವೇತನದ ಮನವಿ, ಸೇವಾಪುಸ್ತಕದ ಲೆಕ್ಕ. ಗ್ರೀಕಿನಲ್ಲಿ ಅವನು ಬಳಸುವ ಕ್ರಿಯಾಪದವೇ ದಾಸನಾಗಿ ದುಡಿಯುವುದು ಎಂಬ ಅರ್ಥದ್ದು. ತಮ್ಮ ದಾರಿ ತಪ್ಪಿ ಕೂಲಿಯವನಾಗಲು ಹೊರಟ. ಅಣ್ಣ ಮನೆಯಲ್ಲಿದ್ದುಕೊಂಡೇ ಎಂದೋ ಕೂಲಿಯವನಾಗಿದ್ದ. ತಂದೆ ಅವನನ್ನೂ ಹುಡುಕಿಕೊಂಡು ಹೊರಗೆ ಬಂದ, ‘ಮಗನೇ’ ಎಂದು ಕರೆದ. ಒಕ್ಕಣೆಯಿಲ್ಲದ ಕಾಗದಕ್ಕೆ ಒಕ್ಕಣೆಯಿರುವ ಉತ್ತರ. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಯೇಸು ಹೇಳದೆ ಕಥೆಯನ್ನು ನಿಲ್ಲಿಸಿದ್ದಾನೆ. ಭಾನುವಾರ ತಪ್ಪದೆ ದೇವಾಲಯಕ್ಕೆ ಬರುವ, ಕಾಣಿಕೆ ಲಕೋಟೆ ತಪ್ಪಿಸದ, ಸಭೆಯ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮಂಥವರೇ ಆ ಅಂಗಳದಲ್ಲಿ ನಿಂತಿರುವುದು ಎಂದು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಹಾಗಾದರೆ ಪ್ರಾರ್ಥನೆ ಮಾಡುವುದು ಹೇಗೆ ಎಂದು ಕೇಳುತ್ತೀರಿ. ನನ್ನಲ್ಲಿ ವಿಧಾನಗಳೇನೂ ಇಲ್ಲ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊ ಎಂದು ಮತ್ತಾಯನ 6ರಲ್ಲಿದೆ. ಅಲ್ಲಿರುವ ಗ್ರೀಕ್ ಪದಕ್ಕೆ ಉಗ್ರಾಣ ಎಂಬ ಅರ್ಥವೂ ಇದೆ. ಪೂಜ್ಯವಾದ ಸ್ಥಳವಲ್ಲ, ಕಾಳಿನ ಚೀಲ, ಎಣ್ಣೆಯ ಜಾಡಿ ಇಡುವ ಜಾಗ. ಮನೆಯ ಮಗನಿಗೆ, ಮಗಳಿಗೆ ಮಾತ್ರ ಉಗ್ರಾಣದೊಳಗೆ ಕೇಳದೆ ಹೋಗುವ ಸ್ವಾತಂತ್ರ್ಯ ಇರುತ್ತದೆ. ನೀವು ಬೇಡುವ ಮುಂಚೆಯೇ ನಿಮ್ಮ ತಂದೆಗೆ ನಿಮ್ಮ ಅಗತ್ಯ ತಿಳಿದಿದೆ ಎಂದು ಅದೇ ಅಧ್ಯಾಯ ಹೇಳುತ್ತದೆ. ತಿಳಿದಿದ್ದರೆ ಕೇಳುವುದೇಕೆ? ಕಚೇರಿಯಲ್ಲಾದರೆ ಇದು ನ್ಯಾಯವಾದ ಪ್ರಶ್ನೆ, ಕಡತದಲ್ಲಿರುವುದನ್ನು ಮತ್ತೆ ಬರೆದುಕೊಡುವುದು ಎರಡೂ ಕಡೆಯವರಿಗೆ ದಂಡ. ಆದರೆ ಶಾಲೆಯಿಂದ ಬಂದ ಮಗುವಿಗೆ ಹಸಿವಾಗಿದೆ ಎಂಬುದು ಅಪ್ಪನಿಗೆ ಗೊತ್ತೇ ಇರುತ್ತದೆ, ಆದರೂ ‘ಅಪ್ಪಾ, ಹಸಿವು’ ಎಂಬ ಮಾತಿಗೆ ಅವನ ಕಿವಿ ಕಾದಿರುತ್ತದೆ.

ಮಾತೇ ಬಾರದ ದಿನಗಳೂ ಇರುತ್ತವೆ. ಫ್ರಾನ್ಸಿನ ಲಿಸಿಯೂ ಪಟ್ಟಣದ ಸಂತ ತೆರೇಸಾ ಕಾರ್ಮೆಲ್ ಮಠದಲ್ಲಿದ್ದಾಗ ಧ್ಯಾನದ ಹೊತ್ತಿಗೆ ನಿದ್ದೆ ಹೋಗುತ್ತಿದ್ದಳು. ಅದಕ್ಕಾಗಿ ಅವಳು ಹೆಚ್ಚು ಕೊರಗಲಿಲ್ಲ. ಮಕ್ಕಳು ಎಚ್ಚರವಿದ್ದಾಗ ಎಷ್ಟು ಪ್ರೀತಿಯೋ ನಿದ್ದೆಯಲ್ಲೂ ತಂದೆತಾಯಿಗೆ ಅಷ್ಟೇ ಪ್ರೀತಿ ಎಂದು ಬರೆದಿದ್ದಾಳೆ. ಇದು ಮುದ್ದು ಮಾತೆಂದು ತಳ್ಳಿಹಾಕುವ ಮೊದಲು ಅವಳ ಬದುಕನ್ನು ನೋಡಬೇಕು. 1873ರಲ್ಲಿ ಹುಟ್ಟಿದವಳು ನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡಳು. ಅವಳು ಮಠ ಸೇರಿದ ಮರುವರ್ಷ, 1889ರಲ್ಲಿ, ಅವಳು ಅತಿಯಾಗಿ ಪ್ರೀತಿಸಿದ ತಂದೆಗೆ ಬುದ್ಧಿಭ್ರಮಣೆಯಾಗಿ, ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಯಲ್ಲಿ ಮೂರು ವರ್ಷ ಇರಬೇಕಾಯಿತು. ಮಠದ ಗೋಡೆಯೊಳಗಿನ ಮಗಳು ಹೋಗಿ ನೋಡುವಂತಿರಲಿಲ್ಲ. ಅಂಥವಳು ಹೊಲಿಗೆ ಹಾಕುತ್ತ ಕೂತಿದ್ದಾಗ, ಏನು ಯೋಚಿಸುತ್ತಿದ್ದೀಯೆಂದು ಅಕ್ಕ ಕೇಳಿದರೆ, ‘ನಮ್ಮ ತಂದೆಯೇ’ ಎಂಬುದನ್ನು ಧ್ಯಾನಿಸುತ್ತಿದ್ದೇನೆ, ದೇವರನ್ನು ಹಾಗೆ ಕರೆಯುವುದು ಎಷ್ಟು ಸಿಹಿ ಎಂದು ಕಣ್ಣೀರು ತುಂಬಿಕೊಂಡು ಹೇಳಿದಳಂತೆ.

ಇನ್ನೊಂದು ಪದ ಉಳಿದಿದೆ, ‘ನಮ್ಮ’. ಅರ್ಜಿಯನ್ನು ಒಬ್ಬೊಬ್ಬರೇ ಹಾಕುತ್ತೇವೆ. ಸಾಲಿನಲ್ಲಿ ನನ್ನ ಹಿಂದಿನವನು ನನ್ನ ಪ್ರತಿಸ್ಪರ್ಧಿ. ಈ ಪ್ರಾರ್ಥನೆಯಲ್ಲಿ ‘ನನ್ನ’ ಎಂಬುದು ಒಮ್ಮೆಯೂ ಬರುವುದಿಲ್ಲ. ಆಹಾರ ನಮಗೆ, ಕ್ಷಮೆ ನಮಗೆ, ಬಿಡುಗಡೆ ನಮಗೆ. ಜಮೀನಿನ ಬದುವಿನ ವಿಷಯಕ್ಕೆ ನ್ಯಾಯಾಲಯದಲ್ಲಿ ಎದುರುಬದುರು ನಿಂತ ಅಣ್ಣತಮ್ಮಂದಿರ ಕಡತಗಳನ್ನು ನಾನು ವರ್ಷಗಟ್ಟಲೆ ಹೊತ್ತು ತಿರುಗಿದ್ದೇನೆ. ಅವರಲ್ಲಿ ಇಬ್ಬರು ನಮ್ಮ ಸಭೆಯವರೇ, ಭಾನುವಾರ ಎರಡು ಬೇರೆ ಬೆಂಚುಗಳಲ್ಲಿ ನಿಂತು ‘ನಮ್ಮ ತಂದೆಯೇ’ ಎನ್ನುತ್ತಿದ್ದರು. ತಂದೆಯನ್ನು ಒಪ್ಪಿಕೊಂಡು ಒಡಹುಟ್ಟಿದವನನ್ನು ಒಪ್ಪಿಕೊಳ್ಳದಿರುವುದು ಅಂಗಳದಲ್ಲಿ ನಿಂತ ಹಿರಿಯ ಮಗನ ಕಾಯಿಲೆ. ಅವನು ತಮ್ಮನನ್ನು ತಮ್ಮ ಎನ್ನದೆ ‘ನಿನ್ನ ಈ ಮಗ’ ಎಂದದ್ದನ್ನು ಮನೆಗೆ ಹೋಗಿ ಓದಿ.

ನನ್ನ ತಂದೆಯ ಕೊನೆಯ ತಿಂಗಳುಗಳ ಮಾತನ್ನು ಹೇಳಿ ನಿಲ್ಲಿಸುತ್ತೇನೆ. ಲಕ್ವ ಹೊಡೆದು ಮಲಗಿದ್ದರು. ಕಾರ್ಖಾನೆಯಲ್ಲೂ ದೇವಾಲಯದಲ್ಲೂ ಅರವತ್ತು ವರ್ಷ ಆಡಿದ ಕನ್ನಡ ಅವರಿಂದ ಹೊರಟುಹೋಗಿತ್ತು. ಉಳಿದದ್ದು ಮಗುವಾಗಿದ್ದಾಗ ಕಲಿತ ತುಳುವಿನ ಕೆಲವು ಪದಗಳು, ನೀರು, ಚಳಿ, ಸಾಕು. ರಾತ್ರಿ ಎಂಟು ಗಂಟೆಗೆ ನಾನೂ ತಂಗಿಯೂ ಮಂಚದ ಪಕ್ಕ ಚಾಪೆ ಹಾಸಿ ಕೂರುತ್ತಿದ್ದೆವು. ಒಂದು ರಾತ್ರಿ ನಾವು ‘ಪರಲೋಕದಲ್ಲಿರುವ ನಮ್ಮ’ ಎನ್ನುವಷ್ಟರಲ್ಲಿ, ಅಲ್ಲಿಯವರೆಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಸ್ಪಷ್ಟವಾಗಿ ‘ಅಮ್ಮೇ’ ಎಂದರು. ಕರೆದದ್ದು ತಮ್ಮ ತಂದೆಯನ್ನೋ, ಪರಲೋಕದ ತಂದೆಯನ್ನೋ ನಾವು ಕೇಳಲಿಲ್ಲ. ತಂಗಿ ನನ್ನ ಮೊಣಕೈ ಮುಟ್ಟಿದಳು. ಅವರು ಮುಂದೇನಾದರೂ ಹೇಳುತ್ತಾರೋ ಎಂದು ಕಾದೆವು. ಹೇಳಲಿಲ್ಲ, ಮುಖ ಮಾತ್ರ ಈ ಕಡೆಗೆ ತಿರುಗಿತ್ತು. ಆ ರಾತ್ರಿ ನಾವು ಉಳಿದ ಸಾಲುಗಳನ್ನು ಹೇಳಲಿಲ್ಲ.